ಬಣ್ಣದಕೆರೆಗೆ ಆ ಹೆಸರು ಬಂದದ್ದು

ಬಣ್ಣದಕೆರೆಯಂಥ ಕೆರೆ ಏಳು ಸೀಮೆಯಲ್ಲಿ ಇನ್ನೊಂದಿಲ್ಲ. ಇದರಲ್ಲಿ ಈವರೆಗೆ ಒಬ್ಬನೂ ಮುಳುಗಿ ಸತ್ತಿಲ್ಲ. ಇಲ್ಲಿನ ಕಪ್ಪೆಗಳು ಈಜು ಕಲಿಯಲು ನೆಂಟರೂರಿಗೆ ಹೋಗುತ್ತವೆ. ಏರಿ ಆನೆ ನಡೆಯುವಷ್ಟು ಅಗಲ, ತೂಬಿನ ಕಲ್ಲಿಗೆ ಹಂಸದ ಕೆತ್ತನೆ, ಒಳಗೆ ಮಾತ್ರ ಜಾಲಿಮುಳ್ಳು. ಏರಿಯ ಮೇಲಿನ ಮಂಟಪದ ಗೋಡೆಯಲ್ಲಿ ಇದೇ ಕೆರೆಯ ಚಿತ್ರವಿದೆ. ಅದರಲ್ಲಿ ನೀರು ತೂಬಿನ ನೆತ್ತಿ ಮುಟ್ಟಿದೆ, ತಾವರೆ ಅರಳಿದೆ. ಎಷ್ಟು ಬೇಸಿಗೆ ಕಳೆದರೂ ಆ ನೀರು ಒಂದು ಗೇಣೂ ಇಳಿದಿಲ್ಲ!

ಹಿಂದೆ ಒಮ್ಮೆ ಈ ಸೀಮೆಯ ಪಾಳೇಗಾರನಿಗೆ ಕಾಲು ಊದಿಕೊಂಡಿತ್ತು. ಕುದುರೆ ಹತ್ತಲಾರ, ಊರು ನೋಡುವ ಆಸೆ ಬಿಡಲಾರ. ಹಾಗಾಗಿ ಚಿತ್ರಗಾರರ ತಂಡವೊಂದನ್ನು ಊರೂರಿಗೆ ಕಳಿಸಿದ. ಪ್ರತಿ ಊರನ್ನೂ ಅವರು ಎರಡು ಸಲ ಬರೆಯಬೇಕಿತ್ತು, ದೊರೆಗೆ ಬಟ್ಟೆಯ ಮೇಲೆ, ಊರಿಗೆ ಗೋಡೆಯ ಮೇಲೆ. ಬೆಟ್ಟದ ಹೊಳೆಯಿಂದ ತೆಗೆಸುವ ಕಾಲುವೆ ಯಾವ ಊರಿಗೆ ಎಂಬುದು ಆ ಬಟ್ಟೆಗಳನ್ನು ನೋಡಿಯೇ ತೀರ್ಮಾನವಾಗಬೇಕು. ಸುಳ್ಳು ಬರೆದವನ ಹೆಬ್ಬೆರಳು ಉಳಿಯುವುದಿಲ್ಲ ಎಂಬುದು ಕಟ್ಟಳೆ. ತಂಡದ ಹಿರಿಯ ಸಣ್ಣೀರಪ್ಪನಿಗೆ ಆ ಭಯವೇ ಇರಲಿಲ್ಲ. ಅವನು ಕುಂಟು ನಾಯಿಯನ್ನು ಬರೆದರೆ ಅದು ಗೋಡೆಯಿಂದ ಇಳಿದು ಕುಂಟುತ್ತಲೇ ಓಡುತ್ತಿತ್ತು ಎನ್ನುತ್ತಾರೆ.

ಸಣ್ಣೀರಪ್ಪನ ಮಗಳು ಸಿರಿಯಕ್ಕನನ್ನು ಕೊಟ್ಟದ್ದು ಇದೇ ಊರಿಗೆ. ತಂದೆಯ ಕಾಲಿಗೆ ಬಗ್ಗಿದಾಗ ಅವಳ ಸೆರಗು ಜಾರಿತು. ಹರದಾರಿ ದೂರದ ಹಳ್ಳದಿಂದ ನೀರು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದು ಹೋಗಿತ್ತು. ಅದನ್ನು ಕಂಡವನೇ ಅವನು ನೆಟ್ಟಗೆ ಏರಿಗೆ ಹೋಗಿ ಬಿರುಕುಬಿಟ್ಟ ಕೆರೆಯನ್ನು ಬಿರುಕು ಬಿರುಕಾಗಿ ಬರೆಯಲು ಕುಳಿತ. ಕಾಲುವೆ ಬಂದೇ ಬರುತ್ತದೆ ಎಂದುಕೊಂಡ.

ಊರಿನ ಬೊಮ್ಮಗೌಡ ಬಂದು ನೋಡಿ ಹೌಹಾರಿದ. "ಏನ್ರೀ ಚಿತ್ರಗಾರ್ರೇ, ನಮ್ಮ ಕೆರೇನ ಒಡೆದ ಹೆಂಚು ಮಾಡಿಟ್ರಲ್ಲ!"

"ಕಂಡದ್ದು ಬರೆದೆ ಗೌಡ್ರೇ."

"ಹೆಣ್ಣು ತೋರಿಸುವಾಗ ಬೋಳು ಕತ್ತಲ್ಲಿ ಕೂರಿಸ್ತಾರೇನ್ರಿ? ಇಂಥ ದರಿದ್ರ ಊರಿಗೆ ಯಾವ ದೊರೆ ಕಾಲುವೆ ಕೊಟ್ಟಾನು? ನೀರು ತುಂಬಿಸಿ. ಆಗಲ್ಲ ಅಂದ್ರೆ ಮಗಳನ್ನೂ ಕತ್ತೆ ಮೇಲೆ ಹೇರಿಕೊಂಡು ನಡೀರಿ."

ಅಳಿಯ ನೆಲ ನೋಡಿದ. ಸಿರಿಯಕ್ಕ ಮೆಲ್ಲಗೆ ಹೇಳಿದಳು, "ತುಂಬಿಸಪ್ಪ. ನಿನ್ನ ಕುಂಚದಲ್ಲಾದರೂ ಒಂದ್ಸಲ ತುಂಬಲಿ."

ಸಣ್ಣೀರಪ್ಪ ತುಂಬಿಸಿದ. ಎಂಥ ನೀಲಿ ಅಂತೀರಿ! ಬೆಳ್ಳಕ್ಕಿಗಳು ಬಂದು ಗೋಡೆಗೆ ಕೊಕ್ಕು ಬಡಿದುಕೊಂಡವು. ಆದರೆ ಕೈ ಸುಮ್ಮನಿರಲಿಲ್ಲ. ಬಟ್ಟೆಯ ಮೂಲೆಯಲ್ಲೂ ಗೋಡೆಯ ಮೂಲೆಯಲ್ಲೂ, ತುಂಬಿದ ಕೆರೆಗೆ ಬೆನ್ನುಹಾಕಿ ಕೊಡ ಹೊತ್ತು ದೂರ ಹೋಗುವ ಒಬ್ಬ ಹೆಂಗಸನ್ನು ಬರೆದ. ಮನೆಮುಂದೆ ಇಷ್ಟು ನೀರಿದ್ದೂ ಇವಳೇಕೆ ಅತ್ತ ಹೊರಟಳು ಎಂದು ದೊರೆ ಒಂದು ಮಾತು ಕೇಳದಿರುತ್ತಾನೆಯೆ?

ದೊರೆ ಆ ಹೆಂಗಸನ್ನು ಕಂಡ. ಬೆರಳಿಟ್ಟು ತೋರಿಸಿ ನಕ್ಕ. "ಅಬ್ಬಾ! ತಾವು ಕುಡಿದು ಮಿಕ್ಕಿದ್ದನ್ನು ಪಕ್ಕದೂರಿಗೂ ಹೊತ್ತು ಕೊಡುತ್ತಾರೆ. ಇವರಿಗೇಕೆ ಕಾಲುವೆ?" ಸತ್ತ ಎತ್ತನ್ನೂ ಮುಚ್ಚಿಡದೆ ಬರೆಸಿಕೊಂಡಿದ್ದ ಹೊಸಗುಡ್ಡಕ್ಕೆ ಕಾಲುವೆ ಹೋಯಿತು. ನಿಜ ಹೇಳಲು ಸಣ್ಣೀರಪ್ಪ ಬಾಯಿ ತೆರೆದ, ತನ್ನ ಹೆಬ್ಬೆರಳನ್ನು ನೋಡಿದ, ಬಾಯಿ ಮುಚ್ಚಿದ. ಹೆಬ್ಬೆರಳು ಉಳಿಯಿತು. ಆಮೇಲೆ ಅದು ಕುಂಚ ಹಿಡಿಯಲಿಲ್ಲ, ಅವನು ಮಗಳ ಊರಿನ ದಾರಿಯನ್ನೂ ತುಳಿಯಲಿಲ್ಲ ಎನ್ನುತ್ತಾರೆ. ಸಿರಿಯಕ್ಕ ಸಾಯುವ ದಿನವೂ ಹಳ್ಳಕ್ಕೆ ಹೋಗಿದ್ದಳು. ಕೆರೆಗೆ ಬಣ್ಣದಕೆರೆ ಎಂಬ ಹೆಸರನ್ನು ಇಟ್ಟವರು ಹೊಸಗುಡ್ಡದವರು. ನಮ್ಮವರು ಅದನ್ನು ಬಿರುದೆಂದು ಇಟ್ಟುಕೊಂಡರು.

ಈಗಲೂ ಹೋದವರಿಗೆ ಆ ನೀಲಿ ಕಾಣುತ್ತದೆ, ಮೂಲೆಯ ಹೆಂಗಸೂ ಕಾಣುತ್ತಾಳೆ. ಹೋದ ವರ್ಷ ಊರೂರು ಸುತ್ತಿ ಚಿತ್ರ ಬರೆಯುವ ಕಲಾವಿದರ ಬಸ್ಸೊಂದು ಬಂದಿತ್ತು. ಒಬ್ಬ ಹುಡುಗಿ ಏರಿಯ ಮೇಲೆ ಕುಳಿತು ಜಾಲಿಗಿಡಗಳನ್ನು ಒಂದೊಂದಾಗಿ ಬರೆಯುತ್ತಿದ್ದಳು. ಟ್ಯಾಂಕರ್ ಕಾಯುತ್ತಾ ಕೊಡಗಳ ಸಾಲಿನಲ್ಲಿ ನಿಂತಿದ್ದ ಊರಿನ ಹಿರಿಯರೊಬ್ಬರು ಅವಳ ಹಿಂದೆ ಬಂದು ಬಗ್ಗಿ ನೋಡಿದರು.

"ಎಲ್ಲಾ ಚೆನ್ನಾಗಿದೆ ತಾಯಿ," ಎಂದರು. "ಒಂಚೂರು ನೀರು ಹಾಕಿಬಿಡು. ನಾಲ್ಕು ಜನ ನೋಡ್ತಾರೆ."