ನಿಂತರೆ ನಷ್ಟ

“ಗುರುಗಳೇ, ಹೆಚ್ಚು ಬೆಲೆ ಕೊಟ್ಟು ಕೊಂಡ ಎಲೆಕ್ಟ್ರಿಕ್ ಕಾರು ಎಷ್ಟು ದಿನಕ್ಕೆ ಅಗ್ಗವಾಗುತ್ತದೆ?”

ಕೇಳಿದ ಶಿಷ್ಯ ಸಂಸಾರಸ್ಥ. ಷೋರೂಮಿನಿಂದ ನೇರವಾಗಿ ಬಂದಿದ್ದ. ಮುಂಗಡ ಕಟ್ಟುವುದೊಂದು ಉಳಿದಿತ್ತು. ತೆರಿಗೆ ಎಷ್ಟು ಬಿಡುತ್ತಾರೆ, ಪೆಟ್ರೋಲು ಎಷ್ಟು ಉಳಿಯುತ್ತದೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಗುರುಗಳು ಎಲ್ಲವನ್ನೂ ಕೇಳಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಹೆಂಗಸು ಕಾರಿನಲ್ಲಿ ಹೋಗುತ್ತ ದಾರಿ ತಪ್ಪಿದಳು. ಜನರ ಮಾತಿನ ಧಾಟಿ ಬದಲಾಗುವಷ್ಟು ದೂರ ಬಂದಿದ್ದಳು. ರಸ್ತೆ ಬದಿಯಲ್ಲಿ ಒಬ್ಬ ಎಳನೀರು ಮಾರುತ್ತಿದ್ದ. ಗಾಜು ಇಳಿಸಿ ಅವನನ್ನು ದಾರಿ ಕೇಳಿದಳು.

“ಯಾವೂರಿಗೆ ಹೋಗ್ಬೇಕ್ರೀ ಅಕ್ಕಾರ?”

“ಇಲ್ಲಿಂದ ಮೂವತ್ತು ಕಿಲೋಮೀಟರಿನಲ್ಲಿ ಯಾವ ಊರಿದೆ?”

“ಊರು ಭಾಳ ಅದಾವ್ರೀ. ಯಾರ ಮನಿಗಿ?”

“ಯಾರ ಮನೆಗೂ ಅಲ್ಲ. ಮೂವತ್ತು ಇದ್ದರೆ ಸಾಕು. ರಸ್ತೆ ಚೆನ್ನಾಗಿರಬೇಕು, ಅಷ್ಟೆ.”

ಅವನು ಮಚ್ಚು ಕೆಳಗಿಟ್ಟು ಅವಳನ್ನೊಮ್ಮೆ, ಕಾರನ್ನೊಮ್ಮೆ ನೋಡಿದ. “ಹಂಗಾದ್ರ ನೀವು ದಾರಿ ತಪ್ಪಿಲ್ಲ ಬಿಡ್ರಿ. ಯಾವ ಕಡಿ ಹೋದ್ರೂ ನಡೀತೈತಿ,” ಎಂದು ನಕ್ಕ.

ಅವಳಿಗೂ ನಗು ಬಂತು. ಸೀದಾ ಮುಂದಕ್ಕೆ ಹೋದಳು. ಆ ಹೊತ್ತಿಗೆ ಅವಳ ಅಕ್ಕ ಊರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮುಗಿಸಿ, ಬೆಂಚಿನ ಮೇಲೆ ಕೂತು, ಇವಳ ದಾರಿ ನೋಡುತ್ತಿದ್ದಳು.

ಕಾರು ಕೊಂಡದ್ದೇ ಆ ಅಕ್ಕನಿಗಾಗಿ. ತಂಗಿಗೆ ಪಾತ್ರೆ ಅಂಗಡಿ ಇತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಅವಳಿಗೆ ಎಲ್ಲಿಗೂ ಹೋಗುವ ಕೆಲಸವೇ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಅವಳ ಕಿಡ್ನಿ ಎರಡೂ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಬೇಕು, ಯಂತ್ರಕ್ಕೆ ನಾಲ್ಕು ಗಂಟೆ ಮೈ ಕೊಟ್ಟು ಮಲಗಬೇಕು. ಮರಳಿ ಬರುವಾಗ ಆಟೋ ಕುಲುಕಾಟಕ್ಕೆ, ಹೊಗೆ ವಾಸನೆಗೆ ವಾಂತಿಯಾಗುತ್ತಿತ್ತು. ಎಲೆಕ್ಟ್ರಿಕ್ ಕಾರು ಕುಲುಕುವುದಿಲ್ಲ, ಹೊಗೆ ಬಿಡುವುದಿಲ್ಲ ಎಂದು ಯಾರೋ ಹೇಳಿದರು. ತಂಗಿ ಅವತ್ತೇ ಷೋರೂಮಿಗೆ ಹೋದಳು.

ರಸ್ತೆ ತೆರಿಗೆ ಬಿಟ್ಟರು, ಸಬ್ಸಿಡಿ ಕೊಟ್ಟರು. ಸರ್ಕಾರ ಬಿಟ್ಟದ್ದನ್ನು ಮಾರುವವನು ಬೆಲೆಯಲ್ಲಿ ಮೊದಲೇ ಸೇರಿಸಿಕೊಂಡಿದ್ದ. ನಾನು ಸುತ್ತಿದ ದೇಶಗಳಲ್ಲೆಲ್ಲ ಇದು ಹೀಗೇ ನಡೆಯುತ್ತದೆ, ಅದನ್ನು ಬಿಡು. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಎಂದು ಆಡಿಟರು ಹೇಳಿದ. ಕೈಯಲ್ಲಿ ದುಡ್ಡಿದ್ದೂ ಅವಳು ಸಾಲ ಮಾಡಿದಳು. ಇಷ್ಟೆಲ್ಲ ಆದ ಮೇಲೂ ಪೆಟ್ರೋಲ್ ಕಾರಿಗಿಂತ ಐದು ಲಕ್ಷ ಹೆಚ್ಚೇ ಬಿತ್ತು.

ಷೋರೂಮಿನವನು ಸಮಾಧಾನ ಹೇಳಿದ. “ಓಡಿಸಿದಷ್ಟೂ ಉಳಿತಾಯ ಮೇಡಂ. ಕಿಲೋಮೀಟರಿಗೆ ಆರು ರೂಪಾಯಿ ಕಣ್ಣು ಮುಚ್ಚಿಕೊಂಡು ಉಳಿಯುತ್ತೆ. ನಿಂತರೆ ಮಾತ್ರ ನಷ್ಟ.”

ಅವನು ಸುಳ್ಳು ಹೇಳಿರಲಿಲ್ಲ.

ಮನೆಗೆ ಬಂದು ಅವಳು ಲೆಕ್ಕ ಹಾಕಿದಳು. ಅಂಗಡಿಯವಳು, ಹಾಕದೆ ಇರಲಾರಳು. ಆ ಐದು ಲಕ್ಷ ಹುಟ್ಟಬೇಕಾದರೆ ಎಂಬತ್ತು ಸಾವಿರ ಕಿಲೋಮೀಟರಿಗೂ ಮೇಲೆ ಓಡಿಸಬೇಕು. ಅಕ್ಕನನ್ನು ಮಾತ್ರ ಕರೆದುಕೊಂಡು ಓಡಾಡಿದರೆ ಅದಕ್ಕೆ ನಲವತ್ತು ವರ್ಷ ಹಿಡಿಯುತ್ತದೆ. ಬ್ಯಾಟರಿಗೆ ಗ್ಯಾರಂಟಿ ಎಂಟು ವರ್ಷ. ಅಕ್ಕನಿಗೆ ಎಷ್ಟು ವರ್ಷ ಎಂದು ಡಾಕ್ಟರು ಹೇಳಿರಲಿಲ್ಲ.

ಮೊದಮೊದಲು ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ ಕಾಯುತ್ತಿದ್ದಳು. ನಾಲ್ಕು ಗಂಟೆ ಗಾಡಿ ಬಿಸಿಲಲ್ಲಿ ಸುಮ್ಮನೆ ನಿಂತಿರುವುದನ್ನು ನೋಡಿ ಹೊಟ್ಟೆ ಉರಿಯಿತು. ಅಕ್ಕನನ್ನು ಒಳಗೆ ಬಿಟ್ಟು ಊರ ಸುತ್ತ ಒಂದು ಸುತ್ತು ಹಾಕಿ ಬರತೊಡಗಿದಳು. ಒಂದು ಸುತ್ತು ಎರಡಾಯಿತು. ಆಮೇಲೆ ಹೆದ್ದಾರಿ. ಹೀಗೆ ಒಂದು ದಿನ ಅವತ್ತಿನ ಕಿಲೋಮೀಟರ್ ಲೆಕ್ಕ ತುಂಬಿಸಲು ಎಳನೀರಿನವನನ್ನು ದಾರಿ ಕೇಳುವಷ್ಟು ದೂರ ಹೋದಳು.

ಅವತ್ತು ಅವಳು ಮರಳುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು. ಅಕ್ಕ ಆಟೋ ಹಿಡಿದು ಮನೆ ಸೇರಿದ್ದಳು. ಬಚ್ಚಲಲ್ಲಿ ವಾಂತಿ ಮಾಡಿಕೊಂಡು ಬಂದು ಮಲಗಿದ್ದಳು.

“ಒಂದೆರಡು ವರ್ಷ ತಡಿಯೇ ಅಕ್ಕ,” ಎಂದಳು ತಂಗಿ. “ಹಾಕಿದ ದುಡ್ಡು ಹುಟ್ಟಿಬಿಡಲಿ. ಆಮೇಲೆ ನಿನ್ನನ್ನೇ ಕೂರಿಸಿಕೊಂಡು ತಿರುಗುತ್ತೀನಿ, ಬಾಗಿಲಲ್ಲೇ ನಿಲ್ಲಿಸಿಕೊಂಡಿರುತ್ತೀನಿ.”

“ತಂಗಿ ಕಾರು ತಗೊಂಡ ಮೇಲೆ ಅಕ್ಕ ಆಟೋ ಹತ್ತಿದಳು ಅಂತ ಬೀದಿಯವರು ಆಗಲೇ ಆಡಿಕೊಂಡರು.”

“ಆಡಿಕೊಳ್ಳಲಿ ಬಿಡು. ಅವರೇನು ಕಂತು ಕಟ್ಟುತ್ತಾರಾ?”

“ಅದೂ ಸರಿ,” ಎಂದು ಅಕ್ಕ ಗೋಡೆ ಕಡೆ ಹೊರಳಿದಳು. “ಇಲ್ಲಿ ಯಾಕೆ ಕೂತೆ ಮತ್ತೆ? ಹೋಗು, ಗಾಡಿ ನಿಂತಿದೆ.”

ತಂಗಿ ಅದನ್ನು ಒಪ್ಪಿಗೆ ಎಂದುಕೊಂಡು ಎದ್ದಳು.

ಅಂದಿನಿಂದ ಅಕ್ಕನಿಗೆ ಒಬ್ಬನ ಆಟೋ ಖಾಯಂ ಆಯಿತು, ತಂಗಿಗೆ ಹೆದ್ದಾರಿ. ಅಂಗಡಿಯನ್ನು ಆಳಿಗೆ ಬಿಟ್ಟಳು. ಯಾರೂ ಕರೆಯದ ಮದುವೆಗಳ ಊರಿಗೆ ಹೋದಳು. ಹರಕೆ ಇಲ್ಲದೆ ದೇವರ ಊರುಗಳಿಗೆ ಹೋಗಿ, ಒಳಗೆ ಕಾಲಿಡದೆ ಮರಳಿದಳು. ಒಳಗೆ ಹೋದರೆ ಗಾಡಿ ನಿಲ್ಲುತ್ತದಲ್ಲ. ಪಕ್ಕದ ಬೀದಿಗೆ ಹೋದರೆ ಉಳಿಯುವುದು ಏನೂ ಇಲ್ಲ. ದೂರ ಹೋದಷ್ಟೂ ಲಾಭ. ಹಾಗಾಗಿ ಅಕ್ಕನ ಮನೆಗೆ ಹೋಗುವುದು ವಾರಕ್ಕೊಮ್ಮೆಯಾಯಿತು, ತಿಂಗಳಿಗೊಮ್ಮೆಯಾಯಿತು, ಆಮೇಲೆ ಫೋನಿನಲ್ಲೇ ಮುಗಿಯಿತು. ಫೋನಿನಲ್ಲಿ ಅವಳು ಹೇಳುತ್ತಿದ್ದದ್ದು ಒಂದೇ ಮಾತು. “ಇನ್ನು ಸ್ವಲ್ಪ ಇದೆ ಅಕ್ಕ.”

ಎರಡನೆಯ ವರ್ಷ ಮುಗಿಯುತ್ತ ಬಂದಾಗ ಒಂದು ದಿನ ಅವಳು ಯಾವುದೋ ದೂರದ ಊರಿನಲ್ಲಿ ಚಾರ್ಜಿಂಗಿಗೆ ನಿಂತಿದ್ದಳು. ಮುಂದೆ ಎರಡು ಗಾಡಿ ಇದ್ದವು. ಆಟೋದವನ ಫೋನು ಬಂತು. ಅಮ್ಮಾವ್ರಿಗೆ ದಾರಿಯಲ್ಲೇ ಉಸಿರು ಕಟ್ಟಿದೆ, ಬೇಗ ಬನ್ನಿ ಎಂದ. ಬೇಗ ಬರುವಷ್ಟು ಚಾರ್ಜು ಕಾರಿನಲ್ಲಿ ಇರಲಿಲ್ಲ. ಮುಂದಿನವರನ್ನು ಬೇಡಿಕೊಂಡಳು. ಒಬ್ಬ ಬಿಟ್ಟುಕೊಟ್ಟ, ಇನ್ನೊಬ್ಬ ಕೊಡಲಿಲ್ಲ. ಅವನಿಗೂ ಯಾರೋ ಕಾಯುತ್ತಿದ್ದರು.

ಅವಳು ಬರುವಷ್ಟರಲ್ಲಿ ಅಕ್ಕನನ್ನು ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಇತ್ತು. ಆಟೋದವನು ಇನ್ನೂ ಹೋಗಿರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದ.

ಮಣ್ಣು ಮಾಡಿ ಬಂದ ಮೇಲೆ ತಂಗಿ ಅವನನ್ನು ಕರೆದಳು. “ಅಕ್ಕ ನಿನಗೆ ಏನಾದರೂ ಕೊಡುವುದಿತ್ತಾ?”

“ಓಡಿಸಿದ್ದಕ್ಕೆ ಅಮ್ಮಾವ್ರು ಅವತ್ತವತ್ತೇ ಕೊಟ್ಟುಬಿಟ್ಟಿದ್ದಾರೆ, ಅಕ್ಕಾವ್ರೆ. ಒಂದು ಪೈಸೆ ಉಳಿಸಿಕೊಂಡಿಲ್ಲ.” ಅವನು ತಲೆ ಕೆರೆದುಕೊಂಡ. “ಆಸ್ಪತ್ರೆ ಮುಂದೆ ಕಾಯ್ತಿದ್ದೆನಲ್ಲ, ಅದು ಹಾಗೇ ಇದೆ.”

“ಅದನ್ನು ಯಾಕೆ ಕೊಟ್ಟಿಲ್ಲ?”

“ಕೇಳಿದೆ. ಕಾಯೋದು ನನ್ನ ಲೆಕ್ಕ ಅಲ್ಲಪ್ಪ, ತಂಗಿ ಲೆಕ್ಕ, ಅವಳೇ ಕೊಡ್ತಾಳೆ ಅಂದ್ರು. ನೀವು ಊರಲ್ಲಿ ಸಿಗಲಿಲ್ಲ.”

ಅವನು ಮೊತ್ತ ಹೇಳಿದ. ದೊಡ್ಡದೇ ಇತ್ತು. ಚಮಚಕ್ಕೂ ಚೌಕಾಸಿ ಮಾಡುವ ಹೆಂಗಸು ಅವತ್ತು ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ಒಳಗಿಂದ ದುಡ್ಡು ತಂದು ಅವನ ಕೈಗಿಟ್ಟಳು. ಅವನು ಎಣಿಸಿ, ಕಣ್ಣಿಗೊತ್ತಿಕೊಂಡು, ಆಟೋ ಹತ್ತಿ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳುತ್ತ ಕೇಳುತ್ತಲೇ ಮನಸ್ಸಿನಲ್ಲಿ ಕೂಡಿಸಿ ಕಳೆಯುತ್ತಿದ್ದ. ಅವಳು ಎಡವಿದ ಜಾಗ ಸಿಕ್ಕರೆ ತಾನು ಅಲ್ಲಿ ಹುಷಾರಾಗಿರಬಹುದು ಎಂದು ಅವನ ಆಸೆ.

“ಗುರುಗಳೇ, ಅವಳ ಲೆಕ್ಕ ಎಲ್ಲಿ ತಪ್ಪಿತು?”

ಗುರುಗಳು ಹೇಳಿದರು.

“ತಪ್ಪಿದ್ದರೆ ಹೇಳುತ್ತಿದ್ದೆನಪ್ಪ, ಆ ಕಾರಿಗೆ ಹೆಚ್ಚಿಗೆ ಹಾಕಿದ ಐದು ಲಕ್ಷ ಅಕ್ಕ ಸತ್ತ ದಿನ ಬೆಳಿಗ್ಗೆಯೇ ಪೂರ್ತಿ ಹುಟ್ಟಿತ್ತು.”