ಟಾರ್ಚು ಮತ್ತು ಕಾಡುಪಾಪ

ನನ್ನ ಟಾರ್ಚಿನ ಪ್ರತಾಪ ಕೇಳಿದ್ದೀರಾ? ಹೊತ್ತಿಸಿದರೆ ಎದುರು ಬೆಟ್ಟದ ಇರುವೆಗಳು ಬೆಳಗಾಯಿತೆಂದು ಕೆಲಸಕ್ಕೆ ಹೊರಡುತ್ತಿದ್ದವು! ಒಂದು ರಾತ್ರಿ ಬೆಟ್ಟ ಇಳಿಯುವಾಗ ಅದರ ಬೆಳಕು ಮರದ ಮೇಲಿದ್ದ ದೊಡ್ಡ ಕಣ್ಣಿನ ಕಾಡುಪಾಪವೊಂದನ್ನು ತಡೆದು ನಿಲ್ಲಿಸಿತು.

“ಸ್ವಾಮಿ, ಬೆಳಕು ತೆಗೆಯಿರಿ. ಮರಿಯನ್ನು ಕೊಂಬೆಯಲ್ಲಿ ಕೂರಿಸಿ ಹುಳ ಹುಡುಕಲು ಬಂದೆ. ಈಗ ಕಣ್ಣು ಕೋರೈಸಿ ಹಿಂದಿರುಗುವ ದಾರಿಯೇ ಕಾಣುತ್ತಿಲ್ಲ.”

“ಅಳಬೇಡ ತಾಯಿ!” ಎಂದಿತು ಟಾರ್ಚು. “ಮರಿ ಯಾವ ಕೊಂಬೆಯಲ್ಲಿದೆ ಹೇಳು, ಈ ಕ್ಷಣವೇ ತೋರಿಸುತ್ತೇನೆ.”

“ನೀವು ತೋರಿಸಿದರೆ ಗೂಬೆಯೂ ನೋಡುತ್ತದೆ.”

ನಾನು ಗುಂಡಿ ಮುಟ್ಟುವ ಮೊದಲೇ ಟಾರ್ಚು ತಾನಾಗಿ ಆರಿತು. ಕತ್ತಲಲ್ಲಿ ಎಲೆ ಸರಿದ ಸದ್ದಾಯಿತು. ಎಷ್ಟೋ ಹೊತ್ತಿನ ಮೇಲೆ ಮರದಿಂದ ದನಿ ಬಂತು: “ಸಿಕ್ಕಿದ, ನಿದ್ದೆಯಲ್ಲಿದ್ದಾನೆ. ನಿಮ್ಮ ಉಪಕಾರ ಮರೆಯುವುದಿಲ್ಲ, ಸ್ವಾಮಿ.”

“ಮಾವ,” ಎಂದು ಟಾರ್ಚು ನನ್ನ ಕೈಯಲ್ಲೇ ಪಿಸುಗುಟ್ಟಿತು, “ಇಷ್ಟು ವರ್ಷ ಉರಿದೆ, ಯಾರೂ ಹೀಗೆ ಹೇಳಿರಲಿಲ್ಲ. ಈ ಕಾಡು ದಾಟುವವರೆಗೆ ನನ್ನನ್ನು ಹೊತ್ತಿಸಬೇಡಿ.”

ಹಾಗಾಗಿ ಹುಲಿಗೂ ಹೆದರದ ನಾನು ಇಳಿಜಾರನ್ನೆಲ್ಲ ಕುಂಡಿ ಊರಿಕೊಂಡೇ ಇಳಿದೆ. ಪ್ಯಾಂಟು ಹರಿಯಿತು. ಆದರೆ ಆ ತಾಯಿಯ ಉಪಕಾರದ ಮಾತಿನಲ್ಲಿ ಅರ್ಧ ಪಾಲು ನನಗೇ ಸೇರಬೇಕೆಂದು ಟಾರ್ಚೇ ಒಪ್ಪಿಕೊಂಡಿತು.