ತಾಯಿಯನ್ನು ನೆನೆದ ತಮಟೆಯ ಪೆಟ್ಟು

ಕಂಪ್ಯೂಟರಿನೊಳಗೆ ತಮಟೆಯ ಪೆಟ್ಟೊಂದಿತ್ತು. ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದ ಜಾಗದಲ್ಲೇ ಅದನ್ನು ರೆಕಾರ್ಡ್ ಮಾಡಿ ತಂದಿದ್ದರು. ತಾಯಿ ತಮಟೆಯನ್ನು ನೆನೆದು ಅದು ಕೊರಗುತ್ತಿತ್ತು.

"ಅವ್ವನಿಗೆ ಕೇಳಿಸುವಷ್ಟು ನನ್ನನ್ನು ದೊಡ್ಡದು ಮಾಡಿ," ಎಂದು ಸದ್ದು ತಿದ್ದುವ ಎಫೆಕ್ಟುಗಳನ್ನು ಬೇಡಿಕೊಂಡಿತು.

"ಬೆಟ್ಟದಷ್ಟು ಮಾರ್ದನಿ ನಾನು ಕೊಡುತ್ತೇನೆ," ಎಂದಿತು ರಿವರ್ಬ್.

"ಮೊದಲು ನಿನ್ನ ಬೆನ್ನಿಗಂಟಿದ ಬೆಂಕಿಯ ಚಟಪಟ ಹೋಗಬೇಕು," ಎಂದಿತು ಫಿಲ್ಟರ್.

"ತೆಗೆದುಬಿಡಿ," ಎಂದಿತು ಪೆಟ್ಟು.

ಮುಂದೊಂದು ದಿನ ತಮಟೆಯೇ ಸ್ಟುಡಿಯೋಗೆ ಬಂತು. ಪೆಟ್ಟು ಸ್ಪೀಕರಿನಿಂದ ಅವ್ವಾ ಎಂದು ಗುಡುಗಿತು. ತಮಟೆ ಪಕ್ಕದ ಮೈಕಿನ ಕಡೆ ತಿರುಗಿತು.

"ಯಾರ ಮಗುವೋ, ಒಳ್ಳೇ ಗಂಟಲು. ನನ್ನದೂ ಒಂದು ಇಲ್ಲೇ ಎಲ್ಲೋ ಇದೆಯಂತೆ. ಬೆಂಕಿಯ ಚಟಪಟ ಕೇಳಿಸಿದರೆ ಹೇಳಪ್ಪ, ಅದೇ ಅದರ ಗುರುತು."